ನೀಲಿ ಪರದೆ ಮತ್ತು ಅಕ್ಕನ ಕಿಟಕಿ

ಸ್ನಾನ ಮಾಡದವರು ನಮ್ಮ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ. ಇದು ಅವ್ವನ ಕಾನೂನು. ಗ್ಯಾಸ್ ಬಂದಾಗ ಈ ಕಾನೂನು ಗ್ಯಾಸಿಗೂ ತಗುಲಿಕೊಂಡಿತು, ಮಿಕ್ಸರ್ ಬಂದಾಗ ಮಿಕ್ಸರಿಗೂ, ಅಪ್ಪನ ಸ್ಕೂಟರಿಗೂ. ದಿನದಲ್ಲಿ ಮೊದಲ ಸಲ ಏನನ್ನು ಎಬ್ಬಿಸಬೇಕಾದರೂ ಮಿಂದ ಕೈ ಬೇಕು, ಆ ಕೈಯಲ್ಲಿ ವಿಭೂತಿ ಇರಬೇಕು. ನಾನು ಹಾಸಿಗೆ ಬಿಟ್ಟವಳೇ ಮುಖ ಕೂಡ ತೊಳೆಯದೆ ಕಂಪ್ಯೂಟರಿನ ಗುಂಡಿ ಒತ್ತುವುದನ್ನು ಅವ್ವ ಕೆಲವು ದಿನ ಹಲ್ಲು ಕಚ್ಚಿ ಸಹಿಸಿದಳು. ಆಮೇಲೆ ಸಹಿಸಲಿಲ್ಲ. ಜಳಕ ಮುಗಿಸಿ, ಪೂಜೆ ಮುಗಿಸಿ, ಕಂಪ್ಯೂಟರಿನ ಕಪ್ಪು ಡಬ್ಬಿಗೆ ಮೂರು ಬೆರಳಿನಿಂದ ವಿಭೂತಿ ಎಳೆದು ಗುಂಡಿ ಒತ್ತುವ ಕೆಲಸವನ್ನು ತಾನೇ ವಹಿಸಿಕೊಂಡಳು. ನಾನು ಚಹಾದ ಕಪ್ ಹಿಡಿದು ಬರುವಷ್ಟರಲ್ಲಿ ಅದು ಎದ್ದು ಕೂತಿರುತ್ತಿತ್ತು. ನಾನೂ ಬೇಡ ಅನ್ನಲಿಲ್ಲ. ಅದು ಏಳಲು ತೆಗೆದುಕೊಳ್ಳುವ ಹೊತ್ತಿನಲ್ಲಿ ಒಂದು ಬುಟ್ಟಿ ಮೆಂತ್ಯಪಲ್ಲೆ ಸೋಸಬಹುದಿತ್ತು.

ಆ ಡಬ್ಬಿಯನ್ನು ನಾನು ಕೊಂಡದ್ದು ನಮ್ಮ ಕಲಬುರಗಿಯ ಗಾಜಿಪುರದಲ್ಲಿ, ಹಳೆ ಕಂಪ್ಯೂಟರ್ ಮಾರುವವರ ಹತ್ತಿರ. ಮೊದಲು ಅದು ಯಾವುದೋ ಆಫೀಸಿನಲ್ಲಿತ್ತು. ಒಳಗೊಂದು ಹಳೆಯ ಆದರೆ ಗಟ್ಟಿಮುಟ್ಟಾದ ಗ್ರಾಫಿಕ್ಸ್ ಕಾರ್ಡ್ ಇತ್ತು, ನನ್ನ ಕಣ್ಣು ಬಿದ್ದದ್ದು ಅದರ ಮೇಲೆಯೇ. ನಾನು ಮನೆಗಳ ನಕ್ಷೆ ಬಿಡಿಸುವವಳು. ಹಗಲು ಒಬ್ಬ ಎಂಜಿನಿಯರರ ಆಫೀಸಿನಲ್ಲಿ ಗೆರೆ ಎಳೆಯುತ್ತೇನೆ. ಸಂಜೆ ಮನೆಯಲ್ಲಿ, ನನ್ನ ಖುಷಿಗೆ, ಅದೇ ಮನೆಗಳನ್ನು ಕಂಪ್ಯೂಟರಿನೊಳಗೆ ಎಬ್ಬಿಸಿ ನಿಲ್ಲಿಸುತ್ತೇನೆ. ಗೋಡೆ, ಬಾಗಿಲು, ಕಟ್ಟೆ, ಮಧ್ಯಾಹ್ನದ ಬಿಸಿಲು ಎಲ್ಲ ಇರುತ್ತದೆ. ಕೀಬೋರ್ಡಿನ ಬಾಣದ ಗುಂಡಿ ಒತ್ತುತ್ತ ಅದರೊಳಗೆ ನಡೆದಾಡಬಹುದು. ಆ ನಡಿಗೆ ಸರಾಗವಾಗಿ ಸಾಗಬೇಕಾದರೆ ಪರದೆಯ ಚಿತ್ರ ಬಿಡಿಸುವ ಗ್ರಾಫಿಕ್ಸ್ ಕಾರ್ಡ್ ಮೈಮುರಿದು ದುಡಿಯಬೇಕು.

ಕಂಪ್ಯೂಟರ್ ನಡೆಸಲು ಎಲ್ಲರೂ ಬಳಸುವ ತಂತ್ರಾಂಶ ಬಿಟ್ಟು ಅದರಲ್ಲಿ ನಾನು ಹಾಕಿಕೊಂಡದ್ದು ಲಿನಕ್ಸ್. ಆಫೀಸಿನ ಗಂಡಸರಿಗೆ ಇದೊಂದು ನಗೆಯ ವಿಷಯ. ‘ಏನ್ರಿ ಮ್ಯಾಡಂ, ಇವತ್ತರ ಚಾಲೂ ಆತೇನು?’ ಅಂತ ಕೇಳುತ್ತಾರೆ. ಕೇಳಲಿ. ಲಿನಕ್ಸ್ ಕೆಟ್ಟರೆ ಯಾಕೆ ಕೆಟ್ಟಿತೆಂದು ತಾನೇ ಬರೆದು ತೋರಿಸುತ್ತದೆ. ಈ ಗುಣ ಇರುವ ಮನುಷ್ಯರನ್ನು ನಾನು ಹೆಚ್ಚು ಕಂಡಿಲ್ಲ.

ಇನ್ನು ಅಕ್ಕ. ನನಗಿಂತ ದೊಡ್ಡವಳು, ಕಮಲಾಪುರಕ್ಕೆ ಕೊಟ್ಟಿದ್ದೇವೆ. ಮಾವ, ಅಂದರೆ ಅಕ್ಕನ ಗಂಡ, ಮಹಾಗಾಂವದ ಕಡೆಯ ಹೊಲ ನೋಡಿಕೊಳ್ಳುತ್ತಾರೆ, ಜೋಳ ಮತ್ತು ತೊಗರಿ. ಮನೆ ಒಳ್ಳೆಯದು, ಮಂದಿ ಒಳ್ಳೆಯವರು, ಅಡುಗೆಮನೆ ಮಾತ್ರ ಕತ್ತಲೆಯ ಗವಿ. ಸೂರಿನಲ್ಲಿ ಬೊಗಸೆಯಷ್ಟು ಬೆಳಕಿಂಡಿ ಬಿಟ್ಟರೆ ಬೇರೇನೂ ಇಲ್ಲ. ಮದುವೆಯಾದಾಗಿನಿಂದ ಅಕ್ಕ ಹಗಲಿನಲ್ಲೂ ದೀಪ ಹಾಕಿಕೊಂಡು ಅಡುಗೆ ಮಾಡಿದ್ದಾಳೆ. ಕರೆಂಟ್ ಹೋದರೆ ಉಪ್ಪಿನ ಡಬ್ಬಿಯನ್ನು ಕೈಯಿಂದ ತಡವಿ ಗುರುತು ಹಿಡಿಯುತ್ತಾಳೆ. ಕೊನೆಗೂ ಆ ಗವಿಯನ್ನು ಕೆಡವಿ ಹೊಸ ಅಡುಗೆಮನೆ ಕಟ್ಟಿಸುವುದೆಂದು ಠರಾಯಿಸಿದರು. ನಕ್ಷೆ ಬಿಡಿಸುವ ಕೆಲಸ ನನಗೇ ಬಂತು. ಅಕ್ಕ ಕೇಳಿದ್ದು ಒಂದೇ.

‘ಕಟ್ಟಿ ಮ್ಯಾಲ ಒಂದು ಕಿಡಕಿ ಇರ್ಲಿ. ರಸ್ತೇ ಕಡೆ. ನಂಗ ಹೊರಗ ಮಂದಿ ಕಾಣ್ಬೇಕು.’

ಅಷ್ಟು ಹೇಳುವಾಗ ಅವಳ ದನಿ ಸಣ್ಣಗಾಗಿತ್ತು. ನನ್ನ ಅಕ್ಕ ಯಾರನ್ನೂ ಏನೂ ಕೇಳುವವಳಲ್ಲ. ಈ ಕಿಟಕಿ ಅವಳಿಗೆ ಸಿಗಲೇಬೇಕೆಂದು ನನಗೆ ಆ ಕ್ಷಣದಲ್ಲೇ ಹಟ ಹುಟ್ಟಿತು.

ಅಕ್ಕನ ಅತ್ತೆ ಬೇಡ ಅಂದರು. ಅವರು ಒಮ್ಮೆ ಬೇಡ ಅಂದರೆ ಮನೆಯಲ್ಲಿ ಯಾರೂ ಬೇಕು ಅನ್ನುವುದಿಲ್ಲ. ಕಾರಣ ಕೇಳಿದರೆ ದಿನಕ್ಕೊಂದು. ಗಾಳಿ ಬಂದು ಒಲೆ ಆರುತ್ತದೆ ಅಂದರು. ರಸ್ತೆಯವರ ದೃಷ್ಟಿ ಅನ್ನದ ಮೇಲೆ ಬೀಳುತ್ತದೆ ಅಂದರು. ಬೆಕ್ಕು ಬರುತ್ತದೆ ಅಂದರು. ನಾನು ಕಾಗದದ ನಕ್ಷೆಯನ್ನು ಮುಂದೆ ಹಿಡಿದರೆ, ‘ಇದ್ರಾಗ ನಂಗೇನ್ ಕಾಣ್ತದ, ಬರೇ ಗೆರಿ’ ಅಂತ ಪಕ್ಕಕ್ಕಿಟ್ಟರು. ಅದು ಸರಿಯಾದ ಮಾತೇ. ಆಗ ನಾನು ಮಾತು ಕೊಟ್ಟೆ: ಮನೆಯನ್ನು ಕಂಪ್ಯೂಟರಿನಲ್ಲಿ ಎಬ್ಬಿಸಿ ನಿಮ್ಮನ್ನು ಅದರೊಳಗೆ ಅಡ್ಡಾಡಿಸುತ್ತೇನೆ, ನೋಡಿದ ಮೇಲೂ ಬೇಡವಾದರೆ ಬೇಡ. ಅವರು ಒಪ್ಪಿದರು. ಗೌಂಡಿಗಳು ಗುರುವಾರ ಅಡುಗೆಮನೆಯ ಗೋಡೆ ಎಬ್ಬಿಸುವವರಿದ್ದರು. ಗೋಡೆ ಎದ್ದಮೇಲೆ ಕಿಟಕಿಯ ಮಾತು ಮುಗಿದಂತೆಯೇ. ಬುಧವಾರ ಬರುತ್ತೇನೆಂದು ಹೇಳಿ ಬಂದೆ.

ಕಂಪ್ಯೂಟರಿನೊಳಗಿನ ಮನೆ ಸಿದ್ಧವಾಯಿತು. ಕಿಟಕಿಯ ಹೊರಗೆ ರಸ್ತೆ, ರಸ್ತೆಯಾಚೆ ಬೇವಿನ ಮರ ಕೂಡ ಇಟ್ಟೆ. ಅಷ್ಟಕ್ಕೆ ಸುಮ್ಮನಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ನನಗೆ ಅಚ್ಚುಕಟ್ಟಿನ ಚಟ. ಪರದೆಯ ಮೂಲೆಯಲ್ಲಿ ‘ಹೊಸ ಆವೃತ್ತಿ ಬಂದಿದೆ’ ಎಂಬ ಚೀಟಿ ಕಂಡರೆ, ಗೋಡೆಯ ಮೇಲೆ ಹಲ್ಲಿ ಕಂಡವಳಂತೆ ಚಡಪಡಿಸುತ್ತೇನೆ. ಕಮಲಾಪುರಕ್ಕೆ ಹೋಗುವ ಮೊದಲು ಎಲ್ಲವೂ ಲಕಲಕ ಇರಲಿ ಎಂದು ಇಡೀ ಲಿನಕ್ಸನ್ನೇ ಅಪ್‌ಗ್ರೇಡ್ ಮಾಡಿದೆ. ಮುಗಿದ ಮೇಲೆ, ಜಾಗ ಯಾಕೆ ತಿನ್ನಬೇಕೆಂದು, ಹಳೆಯದರ ಗುರುತೂ ಇಲ್ಲದಂತೆ ಗುಡಿಸಿ ಹಾಕಿದೆ. ಹಿಂದಿರುಗುವ ದಾರಿಯನ್ನು ನಾನೇ ಕಸದ ಜೊತೆ ಎಸೆದಿದ್ದೆ.

ಆಮೇಲೆ ಅಕ್ಕನ ಮನೆಯೊಳಗೆ ಕಾಲಿಟ್ಟೆ. ಬಾಣದ ಗುಂಡಿ ಒತ್ತಿದೆ. ಏನೂ ಆಗಲಿಲ್ಲ. ಮತ್ತೆ ಒತ್ತಿದೆ. ಡಬ್ಬಿಯ ಫ್ಯಾನು ಗುಂಯ್ ಎಂದು ಏದುಸಿರು ಬಿಡತೊಡಗಿತು, ಆಮೇಲೆ ಎದುರಿನ ಗೋಡೆ ದಬಕ್ಕನೆ ಮುಖಕ್ಕೆ ಬಂದು ನಿಂತಿತು. ಹಿಂದೆ ಸರಿಯಲು ಒತ್ತಿ, ಒಗ್ಗರಣೆಗೆ ಎಣ್ಣೆ ಕಾಯುವಷ್ಟು ಹೊತ್ತು ಕಾದೆ. ಗೋಡೆ ಹೋಗಿ ಇನ್ನೊಂದು ಗೋಡೆ ಬಂತು. ನಡಿಗೆ ಹೋಗಿ ಫೋಟೋ ಅಲ್ಬಮ್ ಆಗಿತ್ತು.

ಕಾರಣ ಹುಡುಕುವುದು ಕಷ್ಟವಾಗಲಿಲ್ಲ. ಚಿತ್ರ ಬಿಡಿಸುವವರು ಯಾರೆಂದು ಕಂಪ್ಯೂಟರನ್ನೇ ಕೇಳುವ ಒಂದು ಆದೇಶವಿದೆ. ಕೇಳಿದೆ. ಅಲ್ಲಿ ನನ್ನ ಕಾರ್ಡಿನ ಹೆಸರೇ ಇರಲಿಲ್ಲ, ‘ಪೈಪ್’ ಎಂದು ಕೊನೆಯಾಗುವ ಬೇರೊಂದು ಹೆಸರಿತ್ತು. ಅದರರ್ಥ, ಕಾರ್ಡು ಕೈಕಟ್ಟಿ ಕೂತಿದೆ, ಅದರ ಕೆಲಸವನ್ನೆಲ್ಲ ಪ್ರೊಸೆಸರ್ ಒಂದೇ ಮಾಡುತ್ತಿದೆ. ಮದುವೆಗೆಂದು ಕರೆಸಿದ ಅಡುಗೆಭಟ್ಟ ಕಟ್ಟೆಯ ಮೇಲೆ ಎಲೆ ಅಡಿಕೆ ಮೆಲ್ಲುತ್ತ ಕೂತು, ಮದುಮಗಳೇ ಊರಿಗೆಲ್ಲ ರೊಟ್ಟಿ ಬಡಿಯುತ್ತಿದ್ದ ಹಾಗೆ.

ಭಟ್ಟ ಯಾಕೆ ಏಳುತ್ತಿಲ್ಲ? ಅದೂ ಗೊತ್ತಾಯಿತು. ಕಾರ್ಡನ್ನು ದುಡಿಸುವ ಡ್ರೈವರ್ ಎಂಬ ಸಣ್ಣ ತಂತ್ರಾಂಶ ಇಷ್ಟು ದಿನ ಲಿನಕ್ಸಿನವರ ಸಹಿಯೊಂದಿಗೆ ಬರುತ್ತಿತ್ತು. ನನ್ನ ಕಾರ್ಡ್ ಹಳೆಯದಾದ್ದರಿಂದ ಹೊಸ ಆವೃತ್ತಿಯಲ್ಲಿ ಅದನ್ನು ನಮ್ಮ ಕಂಪ್ಯೂಟರಿನಲ್ಲೇ ಕಟ್ಟಿಕೊಳ್ಳಬೇಕು, ನಮ್ಮದೇ ಸಹಿ ಹಾಕಬೇಕು. ಕಂಪ್ಯೂಟರಿನ ಬಾಗಿಲು ಕಾಯುವ ಭದ್ರತೆಗೆ ಆ ಸಹಿಯ ಪರಿಚಯವಿಲ್ಲ, ಹಾಗಾಗಿ ಒಳಗೆ ಬಿಡುವುದಿಲ್ಲ. ಪರಿಚಯ ಮಾಡಿಸುವ ಕ್ರಮ ಹೀಗೆ: ಒಂದು ಪಾಸ್‌ವರ್ಡ್ ಕೊಟ್ಟು ಅರ್ಜಿ ಹಾಕಬೇಕು. ಮುಂದಿನ ಸಲ ಕಂಪ್ಯೂಟರ್ ಏಳುವಾಗ ಒಂದು ನೀಲಿ ಪರದೆ ಬರುತ್ತದೆ. ಅಲ್ಲಿ ಒಪ್ಪಿಗೆ ಎಂದು ಹೇಳಿ ಅದೇ ಪಾಸ್‌ವರ್ಡ್ ಬರೆಯಬೇಕು. ಒಪ್ಪದೆ ಮುಂದೆ ಹೋದರೆ ಅರ್ಜಿ ಅಳಿಸಿಹೋಗುತ್ತದೆ, ಮತ್ತೆ ಮೊದಲಿನಿಂದ.

ಕಾವಲುಗಾರನನ್ನೇ ಮನೆಗೆ ಕಳಿಸುವ ಇನ್ನೊಂದು ದಾರಿಯೂ ಇತ್ತು. ಅದಕ್ಕೆ ಕಂಪ್ಯೂಟರಿನ ತಳದ ಸೆಟ್ಟಿಂಗಿಗೆ ಹೋಗಬೇಕು, ಅಲ್ಲಿ ಹಳೆಯ ಆಫೀಸಿನವರು ಬೀಗ ಜಡಿದಿದ್ದರು. ಗಾಜಿಪುರಕ್ಕೆ ಫೋನ್ ಮಾಡಿದೆ.

‘ಪಾಸ್‌ವರ್ಡ್ ನಮ್ಗೇನ್ ಮಾಲೂಮ್ರಿ ಬಾಯಿ’ ಅಂದರು ಮಾರಿದವರು, ನಗುತ್ತ. ‘ಮಶೀನ್ ಏಕದಂ ಮಜಬೂತ್ ಅದ. ದೇವ್ರ ಹೆಸರು ತೊಗೊಂಡು ನಡೆಸ್ರಿ.’

ಸರಿ, ಅರ್ಜಿಯೇ ಗತಿ. ಆಫೀಸಿನಿಂದ ಬಂದು ಸಂಜೆ ಕೂತು ಡ್ರೈವರ್ ಕಟ್ಟಿಸುತ್ತಿದ್ದೆ. ಆ ಹಳೆ ಡಬ್ಬಿ ಅದನ್ನು ಕಟ್ಟುವಷ್ಟರಲ್ಲಿ ಊಟದ ಹೊತ್ತಾಗುತ್ತಿತ್ತು. ಅರ್ಜಿ ಹಾಕುವಾಗ ಪಾಸ್‌ವರ್ಡ್ ಕೇಳಿತು, ‘ಕಿಡಕಿಬೇಕು’ ಎಂದು ಕೊಟ್ಟೆ. ಊಟಕ್ಕೆ ಏಳುವಾಗ ಮನೆಯ ಎಲ್ಲ ಸ್ವಿಚ್ಚೂ ಆರಬೇಕೆಂಬುದು ಅಪ್ಪನ ಕಾನೂನು. ನಮ್ಮ ಮನೆಯಲ್ಲಿ ಕಾನೂನುಗಳಿಗೆ ಬರವಿಲ್ಲ. ಕಂಪ್ಯೂಟರ್ ಆರಿಸಿ, ಉಳಿದದ್ದು ಬೆಳಿಗ್ಗೆ ಎಂದು ಏಳುತ್ತಿದ್ದೆ. ಬೆಳಿಗ್ಗೆ ಚಹಾ ಹಿಡಿದು ಬಂದು ನೋಡಿದರೆ ಮತ್ತದೇ ಪೈಪು.

ಅಂತರ್ಜಾಲದಲ್ಲಿ ಲಿನಕ್ಸಿನವರು ಕಷ್ಟಸುಖ ಹೇಳಿಕೊಳ್ಳುವ ಕಟ್ಟೆಗಳಿವೆ. ಅಲ್ಲಿ ನನ್ನ ಗೋಳು ಬರೆದೆ. ‘ನೀಲಿ ಪರದೆ ಬಂದಾಗ ಒಪ್ಪಿದಿರಾ?’ ಎಂದು ಯಾರೋ ಪುಣ್ಯಾತ್ಮರು ಕೇಳಿದರು. ‘ನೀಲಿ ಪರದೆ ಬರಲೇ ಇಲ್ಲ’ ಎಂದೆ. ‘ಬಂದೇ ಬರುತ್ತದೆ’ ಎಂದರು. ‘ನನ್ನ ಕಣ್ಣು ನೆಟ್ಟಗಿದೆ’ ಎಂದೆ. ‘ಹಾಗಾದರೆ ಮರುಚಾಲನೆ ಕೊಟ್ಟು ಎದುರಿಗೇ ಕೂತು ನೋಡಿ’ ಎಂದರು. ಚಹಾ ಆರಲು ಬಿಟ್ಟು ಕೂತೆ, ರೆಪ್ಪೆ ಬಡಿಯದೆ. ಕಪ್ಪು ಬಂತು, ಚುಕ್ಕೆಗಳು ಬಂದವು, ನನ್ನ ಹೆಸರು ಬಂತು. ನೀಲಿ ಬರಲಿಲ್ಲ. ಗೆದ್ದವಳಂತೆ ಹೋಗಿ ಬರೆದೆ. ಅವರು ಮತ್ತೆ ಉತ್ತರಿಸಲಿಲ್ಲ. ಜಗಳ ಗೆದ್ದೆ, ಪೈಪು ಮಾತ್ರ ಅಲ್ಲೇ ಇತ್ತು.

ಇಷ್ಟೆಲ್ಲ ನಡೆಯುವಾಗ ಅವ್ವ ಪಕ್ಕದಲ್ಲೇ ದೇವರ ಜಗುಲಿಯ ಮುಂದೆ ಕೂತು ಹೂವಿನ ಎಸಳು ಬಿಡಿಸುತ್ತಿದ್ದಳು. ‘ಯಾಕ ಅದಕ್ಕ ಬೈತಿ? ನಾ ದಿನಾ ಇಬತ್ತಿ ಹಚ್ಚಾಕತ್ತೀನಿ, ನೀ ದಿನಾ ಬೈಯಾಕತ್ತಿ. ಹೆಂಗ್ ನಡೀಬೇಕು ಅದು?’ ಅಂದಳು. ನಾನು ಅವ್ವನಿಗೂ ಒಂದಿಷ್ಟು ರೇಗಿದೆ.

ಮಂಗಳವಾರ ಬಂತು. ಹೋಗದೆ ಇರಲಾಗದು. ವಿಡಿಯೋ ಮಾಡಿ ಫೋನಿನಲ್ಲಿ ಒಯ್ಯೋಣವೆಂದರೆ ಅದನ್ನು ತಯಾರಿಸುವ ಕಾರ್ಡೇ ಮಲಗಿತ್ತು. ಕೊನೆಯ ಸಲ ಎಂದು ಡ್ರೈವರ್ ಮತ್ತೆ ಕಟ್ಟಿಸಿದೆ, ಮತ್ತೆ ಅರ್ಜಿ ಹಾಕಿದೆ, ಅಪ್ಪ ಸ್ವಿಚ್ ಆರಿಸಿದರು. ಏನೂ ಆಗದಿದ್ದರೆ ಫೋಟೋ ಅಲ್ಬಮ್ಮನ್ನೇ ತೋರಿಸುವುದು, ಒಂದು ಗೋಡೆಗೂ ಇನ್ನೊಂದಕ್ಕೂ ನಡುವೆ ಅತ್ತೆಗೆ ಚಹಾ ಕೊಡುವುದು ಎಂದು ಧೈರ್ಯ ತಂದುಕೊಂಡೆ. ಅಕ್ಕ ಫೋನಿನಲ್ಲಿ, ‘ಆಗದಿದ್ರ ಇರ್ಲಿ ಬಿಡು, ದೀಪದಾಗ ರೂಢಿ ಆಗ್ಯಾದ’ ಅಂದಳು. ನಾನು ವಯರುಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡೆ.

ಬುಧವಾರ ಬೆಳಿಗ್ಗೆ ಅವ್ವ ಡಬ್ಬಿಯನ್ನು ಎಬ್ಬಿಸಲಿಲ್ಲ. ಊರಿಗೆ ಹೊರಟದ್ದನ್ನು ಎಬ್ಬಿಸಿ ಮತ್ತೆ ಮಲಗಿಸಬಾರದಂತೆ, ಹೋದಲ್ಲಿ ಎಬ್ಬಿಸಬೇಕಂತೆ. ವಿಭೂತಿ ಮಾತ್ರ ಎಂದಿಗಿಂತ ದಪ್ಪಗೆ ಎಳೆದಳು. ಡಬ್ಬಿಯನ್ನು ಕೌದಿಯಲ್ಲಿ ಸುತ್ತಿ, ಹಣೆಯ ಭಾಗ ಮಾತ್ರ ಹೊರಗೆ ಕಾಣುವಂತೆ ಗಂಟು ಹಾಕಿದಳು. ಶೇಂಗಾ ಹೋಳಿಗೆಯ ಬುಟ್ಟಿ ಹಿಡಿದು ತಾನೂ ಹೊರಟಳು.

ಬಸ್ಸು ಕಿಕ್ಕಿರಿದಿತ್ತು. ನಾನು ಗಂಟನ್ನು ಅವಚಿಕೊಂಡು ನಿಂತಿದ್ದೆ. ಕಂಡಕ್ಟರ್ ಲಗೇಜಿನ ಮಾತೆತ್ತಲು ಬಾಯಿ ತೆರೆದವರು ಕೌದಿಯಿಂದ ಇಣುಕುತ್ತಿದ್ದ ಮೂರು ಗೆರೆಗಳನ್ನು ನೋಡಿ ಮಾತು ಬದಲಿಸಿದರು.

‘ಏ, ಸರೀರಿ ಸರೀರಿ, ದೇವ್ರ ಅದ’ ಅಂದರು. ಸೀಟಿನಲ್ಲಿದ್ದ ಒಬ್ಬ ಹಿರಿಯರು ಥಟ್ಟನೆ ಎದ್ದರು. ‘ಇಲ್ಲಿ ಕುಂದ್ರಸ್ರಿ. ಯಾವ ಊರಿಗಿ ಹೊಂಟದ್ರಿ?’

‘ಕಮಲಾಪೂರಕ್ಕ’ ಅಂದಳು ಅವ್ವ, ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ. ಸುಳ್ಳು ಹೇಳಲಿಲ್ಲ, ನಿಜವನ್ನೂ ಹೇಳಲಿಲ್ಲ. ಮಹಾಗಾಂವ ದಾಟುವವರೆಗೆ ನಾನು ಕಿಟಕಿಯ ಕಡೆ ಮುಖ ತಿರುಗಿಸಿ ನಗು ನುಂಗಿದೆ. ಹೊರಗೆ ತೊಗರಿ ಹಳದಿ ಹೂವು ಬಿಟ್ಟಿತ್ತು. ಇಳಿಯುವಾಗ ಆ ಹಿರಿಯರು ಡಬ್ಬಿಗೆ ಕೈ ಮುಗಿದರು. ಇವತ್ತಾದರೂ ಕೆಲಸ ಮಾಡಪ್ಪಾ ಎಂದು ನಾನೂ ಮನಸ್ಸಿನಲ್ಲೇ ಮುಗಿದೆ.

ಅಕ್ಕನ ಮನೆಯ ಪಡಸಾಲೆಯಲ್ಲಿ ದೊಡ್ಡ ಟಿವಿ ಇದೆ. ಅದಕ್ಕೆ ಡಬ್ಬಿಯ ವಯರು ಸಿಕ್ಕಿಸಿದೆ. ಅತ್ತೆ ಮುಂದಿನ ಮಂಚದ ಮೇಲೆ ಕಾಲು ಚಾಚಿ ಕೂತರು, ಮೊಣಕಾಲಿಗೆ ಎಣ್ಣೆ ಹಚ್ಚಿಕೊಂಡಿದ್ದರು. ಹಿತ್ತಲಲ್ಲಿ ತಗಡು ಹೊದಿಸಿ ಮಾಡಿದ ತಾತ್ಕಾಲಿಕ ಅಡುಗೆಯ ಜಾಗದಿಂದ ಅಕ್ಕ ಬಂದು ಬಾಗಿಲ ಸಂದಿನಲ್ಲಿ ನಿಂತಳು, ಕೈಯಲ್ಲಿ ಜೋಳದ ಹಿಟ್ಟು. ನಾನು ಟಿವಿಯ ಹಿಂದೆ ಬಗ್ಗಿ ವಯರು ಸರಿಪಡಿಸುತ್ತಿದ್ದೆ. ಅವ್ವ ಸೊಂಟದ ಚೀಲದಿಂದ ವಿಭೂತಿ ತೆಗೆದಳು, ಎಳೆದಳು, ಗುಂಡಿ ಒತ್ತಿದಳು. ಟೊಂಯ್ ಎಂದಿತು.

ನಾನು ತಲೆ ಎತ್ತಿದೆ. ಇಡೀ ಟಿವಿ ನೀಲಿಯಾಗಿತ್ತು.

ಒಂದು ಕ್ಷಣ ನನಗೆ ಅರ್ಥವೇ ಆಗಲಿಲ್ಲ. ಆಮೇಲೆ ಕಂಡದ್ದು ಅವ್ವನ ಬೆರಳು. ಎಷ್ಟೋ ದಿನದ ರೂಢಿಯಿಂದ, ತುಳಸಿಗೆ ನೀರು ಹಾಕುವಷ್ಟು ಸಹಜವಾಗಿ, ಅದು ಎಂಟರ್ ಗುಂಡಿಯ ಕಡೆಗೆ ಹೊರಟಿತ್ತು.

‘ಅವ್ವಾ! ಮುಟ್ಟಬ್ಯಾಡ!’

ನಾನು ಕಿರುಚಿದ ರಭಸಕ್ಕೆ ಅತ್ತೆ ಚಾಚಿದ ಕಾಲು ಮಡಚಿಕೊಂಡರು. ಅಕ್ಕನ ಕೈಯ ಹಿಟ್ಟು ಹೊಸ್ತಿಲ ಮೇಲೆ ಉದುರಿತು. ಅವ್ವ ಬೆರಳನ್ನು ಗಾಳಿಯಲ್ಲೇ ನಿಲ್ಲಿಸಿ ನನ್ನನ್ನು ದುರುಗುಟ್ಟಿ ನೋಡಿದಳು.

‘ಯಾಕ ಒದರ್ತಿ? ಇದೊಂದು ನೀಲಿ ದಿನಾ ಬರ್ತದ. ಎರಡು ಸಲ ಎಂಟರ್ ಒತ್ತಿದ್ರ ಹೋಗ್ತದ. ದಿನಾ ನಾನೇ ತೆಗೀತೀನಿ.’

‘ದಿನಾ ತೆಗೀತಿ? ಮತ್ತ ನಂಗ್ಯಾಕ ಹೇಳ್ಲಿಲ್ಲ?’

‘ಮುಂಜಾನೆ ಎದ್ದ ಕೂಡ್ಲೆ ನಿಂಗ ತ್ರಾಸ್ ಯಾಕ ಅಂತ!’ ಅವ್ವನ ದನಿಯಲ್ಲಿ ನಿಜವಾದ ನೋವಿತ್ತು. ‘ಕೆಟ್ಟದ್ದು ಏನೋ ಬರಾಕತ್ತದ, ನೀ ಏಳೂದ್ರಾಗ ಹೋಗ್ಲಿ ಅಂತ ನಾ ತೆಗ್ದೆ.’

ಕೋಪ ಮಾಡಿಕೊಳ್ಳಲು ಪುರುಸೊತ್ತಿರಲಿಲ್ಲ, ಪರದೆಯ ಮೇಲೆ ಸೆಕೆಂಡುಗಳು ಇಳಿಯುತ್ತಿದ್ದವು. ಜಿಗಿದು ಒಂದು ಗುಂಡಿ ಒತ್ತಿ ಅದನ್ನು ನಿಲ್ಲಿಸಿದೆ. ಬಾಣ ಕೆಳಗಿಳಿಸಿ ಸಹಿಯನ್ನು ಒಪ್ಪಿಕೊಳ್ಳುವ ಸಾಲಿಗೆ ಹೋದೆ. ಹೌದು ಎಂದೆ. ಪಾಸ್‌ವರ್ಡ್ ಕೇಳಿತು. ಅಕ್ಕ ನಿಂತ ಕಡೆ ನೋಡದೆ ‘ಕಿಡಕಿಬೇಕು’ ಎಂದು ಬರೆದೆ. ಡಬ್ಬಿ ಆರಿ ಮತ್ತೆ ಎದ್ದಿತು. ಈ ಸಲ ನೀಲಿ ಬರಲಿಲ್ಲ. ಯಾರು ಚಿತ್ರ ಬಿಡಿಸುತ್ತಿದ್ದೀರಿ ಎಂದು ಕೇಳಿದೆ. ನನ್ನ ಕಾರ್ಡಿನ ಹೆಸರು ಬಂತು, ಪೂರ್ತಿ ಹೆಸರು. ಫ್ಯಾನಿನ ಏದುಸಿರು ನಿಂತು ಪಡಸಾಲೆ ನಿಶ್ಶಬ್ದವಾಯಿತು. ನಾನು ಅವ್ವನನ್ನು ತಬ್ಬಿಕೊಂಡು ಗಹಗಹಿಸಿ ನಕ್ಕೆ. ಅವ್ವನಿಗೆ ಯಾಕೆಂದು ತಿಳಿಯದಿದ್ದರೂ ಅವಳೂ ನಕ್ಕಳು. ಅಂತರ್ಜಾಲದ ಕಟ್ಟೆಯ ಆ ಪುಣ್ಯಾತ್ಮರು ನೆನಪಾದರು. ಅವರಿಗೊಂದು ಕ್ಷಮೆ ಬರೆಯಬೇಕಿತ್ತು. ಬರೆದೆ, ಆದರೆ ಮರುದಿನ.

‘ಇಷ್ಟೊತ್ತು ನಗೂದ್ರಾಗ ಮನಿ ಕಟ್ಟಿ ಮುಗೀತಿತ್ತು’ ಅಂದರು ಅತ್ತೆ. ‘ತೋರ್ಸಾಕಿ ಇದ್ದಿಲ್ಲ? ತೋರ್ಸು.’

ನಡೆದೆವು. ಮುಂಬಾಗಿಲಿನಿಂದ ಪಡಸಾಲೆ, ಪಡಸಾಲೆಯಿಂದ ಹೊಸ ಅಡುಗೆಮನೆ. ಬೆಣ್ಣೆಯ ಮೇಲೆ ಚಾಕು ಇಳಿದಂತೆ ನಡಿಗೆ ಸಾಗಿತು. ಕಟ್ಟೆಯ ಮುಂದೆ ನಿಂತೆವು. ಕಿಟಕಿಯಲ್ಲಿ ರಸ್ತೆ, ಬೇವಿನ ಮರ, ಮರದ ನೆರಳು. ಬಾಗಿಲ ಸಂದಿನಲ್ಲಿದ್ದ ಅಕ್ಕ ತನಗೆ ಅರಿವಿಲ್ಲದಂತೆ ಎರಡು ಹೆಜ್ಜೆ ಒಳಗೆ ಬಂದಿದ್ದಳು. ಅವಳ ಕಣ್ಣು ಆ ರಸ್ತೆಯ ಮೇಲೆಯೇ ಇತ್ತು.

ಅತ್ತೆ ಕಣ್ಣು ಕಿರಿದು ಮಾಡಿ ಪರದೆಯನ್ನು ಮೂಲೆಯಿಂದ ಮೂಲೆಗೆ ನೋಡಿದರು. ಆಮೇಲೆ ಕೇಳಿದರು: ‘ಛಲೋ ಅದ. ಖರೆ, ಇದ್ರಾಗ ನಾ ಎಲ್ಲಿ ಅದೀನಿ?’

‘ಇಲ್ಲೇರಿ ಅತ್ತಿ. ಕಟ್ಟಿ ಮುಂದ ನಿಂತೀರಿ. ನಿಮ್ಮ ಕಣ್ಣಿಗಿ ಹೆಂಗ್ ಕಾಣ್ತದೋ ಹಂಗೇ ತೋರ್ಸಾಕತ್ತದ.’

‘ನಾ ಅಡಗಿ ಮನ್ಯಾಗ ಯಾವಾಗ ನಿಂತೀನಿ?’ ಅಂದರು ಅತ್ತೆ. ‘ಕುಂದ್ರಸು ನನ್ನ.’

ಈ ಮನೆಯಲ್ಲಿ ರೊಟ್ಟಿ ಮಾಡುವುದು ಅತ್ತೆಯೇ. ನೆಲದ ಒಲೆ, ಅದರ ಮುಂದೆ ಮಣೆ, ಮಣೆಯ ಮೇಲೆ ಅವರು. ಅಕ್ಕ ಅವರಿಗೆ ಹಿಟ್ಟು ಸಾಣಿಸಿ ಕೊಟ್ಟು, ಗ್ಯಾಸಿನ ಕಟ್ಟೆಯ ಮುಂದೆ ನಿಂತು ಪಲ್ಲೆ, ಸಾರು ಮಾಡುತ್ತಾಳೆ. ಇದು ನಾನು ಎಷ್ಟೋ ಸಲ ಕಣ್ಣಾರೆ ಕಂಡದ್ದೇ. ಆ ರೊಟ್ಟಿಯನ್ನು ಬಿಸಿಬಿಸಿಯಾಗಿ ತಿಂದವಳೂ ನಾನೇ. ನಕ್ಷೆ ಬಿಡಿಸುವಾಗ ಮಾತ್ರ ಎಲ್ಲರನ್ನೂ ನಿಲ್ಲಿಸಿಬಿಟ್ಟಿದ್ದೆ.

ಕಣ್ಣಿನ ಎತ್ತರವನ್ನು ಇಳಿಸಿದೆ. ಪರದೆಯ ಮೇಲೆ ಅಡುಗೆಮನೆ ಮೆಲ್ಲಗೆ ಕೂತಿತು. ಬೇವಿನ ಮರ ಮೇಲಕ್ಕೆ ಹೋಯಿತು, ರಸ್ತೆ ಹೋಯಿತು, ಕಿಟಕಿಯೂ ಹೋಯಿತು. ಎದುರಿಗೆ ಉಳಿದದ್ದು ಕಟ್ಟೆಯ ಕಲ್ಲಿನ ಅಂಚು ಮತ್ತು ಅದರಡಿಯ ಕಪಾಟಿನ ಬಾಗಿಲು. ಹಳೆಯ ಗವಿಯೇ ಮತ್ತೆ ಬಂದು ಕೂತಂತಿತ್ತು.

‘ನೋಡಿದ್ರಿಲ್ಲ?’ ಅಂದರು ಅತ್ತೆ. ಗೆದ್ದ ದನಿಯಲ್ಲ ಅದು. ‘ನೀವೆಲ್ಲಾ ನಿಂತು ರಸ್ತೇ ನೋಡ್ತೀರಿ. ನಂಗ ಬರೇ ಕಪಾಟು. ನಾ ಕುಂತು ರೊಟ್ಟಿ ಬಡೀಯಾಕಿ, ನಂಗೂ ಕಾಣ್ಬೇಕು ಅಂದ್ರ, ಈ ವಯಸ್ಸಿನ್ಯಾಗ ಮುದುಕಿಗಿ ಏನ್ ಹುಚ್ಚು ಅಂತ ನಕ್ಕೀರಿ. ಅದ್ಕ ಗಾಳಿ ಅಂದೆ, ಬೆಕ್ಕು ಅಂದೆ.’

ಯಾರೂ ನಗಲಿಲ್ಲ. ಅಕ್ಕ ಬಂದು ಅತ್ತೆಯ ಮಂಚದ ಪಕ್ಕ ನೆಲದ ಮೇಲೆ ಕೂತಳು, ಪರದೆಯನ್ನು ಅತ್ತೆಯ ಕಣ್ಣಿನ ಮಟ್ಟದಿಂದ ನೋಡುವವಳಂತೆ. ‘ನನ್ನಂಗೇ ನಿಮ್ಗೂ ಕತ್ತಲ್ಯಾಗ ಬ್ಯಾಸರ ಆಗಿತ್ತೇನ್ರಿ ಅತ್ತಿ?’ ಎಂದು ಕೇಳಿದಳು.

‘ನಿನಗಿಂತ ಮೊದಲ ಬಂದಾಕಿ ನಾ ಈ ಮನಿಗಿ’ ಅಂದರು ಅತ್ತೆ.

ನಾನು ಕಿಟಕಿಯನ್ನು ಹಿಡಿದೆ. ಕಟ್ಟೆಯ ಮೇಲಿನಿಂದ ಎತ್ತಿ, ಕಟ್ಟೆ ಮುಗಿಯುವ ಮೂಲೆಯಲ್ಲಿ, ಒಲೆಗೆ ಗಾಳಿ ತಾಗದ ಕಡೆ ಇಟ್ಟೆ. ತಲೆಯ ಭಾಗ ಮೇಲೆಯೇ ಇರಲಿ ಎಂದು ಬಿಟ್ಟು ಕಾಲಿನ ಭಾಗ ಮಾತ್ರ ಎಳೆದೆ.

‘ಇನ್ನಾ ತೆಳಗ’ ಅಂದರು ಅತ್ತೆ.

ಎಳೆದೆ. ಎಳೆದಂತೆಲ್ಲ ಪರದೆಯ ಮೇಲಿನ ಬಿಸಿಲು ಗೋಡೆಯಿಂದ ನೆಲಕ್ಕೆ ಹರಿಯಿತು. ಕಾರ್ಡು ಒಂದು ಕಡೆಯೂ ತಡವರಿಸಲಿಲ್ಲ.

‘ಇನ್ನಾ ಜರಾ. ಹಾಂ, ಬಸ್.’

ಹೆಚ್ಚುಕಡಿಮೆ ಬಾಗಿಲಿನಷ್ಟು ಉದ್ದದ ಕಿಟಕಿ. ಕೂತರೂ ರಸ್ತೆ, ನಿಂತರೂ ರಸ್ತೆ. ಅತ್ತೆ ಮಂಚದ ಅಂಚಿಗೆ ಸರಿದು ಕತ್ತು ಮುಂದೆ ಚಾಚಿದರು. ‘ಯಾರರ ಹೋದ್ರ ಕಾಣ್ತಾರೇನು?’ ಎಂದರು. ನನ್ನ ಹತ್ತಿರ ಸೀರೆ ಉಟ್ಟ ಒಂದು ಗೊಂಬೆ ಇತ್ತು, ಅದನ್ನು ತಂದು ರಸ್ತೆಯ ಮೇಲೆ ನಡೆಸಿದೆ. ಅದು ಕಿಟಕಿಯ ಮುಂದೆ ಕೈ ಬೀಸುತ್ತ ಹಾದುಹೋಯಿತು.

‘ಅಯ್ಯ, ಯಾರ್ ಮನ್ಯಾಕಿ ಇಕಿ?’ ಅತ್ತೆ ಬಾಯಿ ತುಂಬ ನಕ್ಕರು. ‘ಒಳಗ ಕರೀರಿ, ಬಿಸಲಾಗ ಹೊಂಟಾಳ. ಚಹಾ ಕುಡ್ದು ಹೋಗ್ಲಿ.’

ಆ ಗೊಂಬೆಯನ್ನು ಎಷ್ಟು ಸಲ ನಡೆಸಿದೆನೋ ಲೆಕ್ಕವಿಲ್ಲ. ಪ್ರತಿ ಸಲವೂ ಅತ್ತೆ ಅದನ್ನು ಮಾತಾಡಿಸಿದರು. ಅಕ್ಕ ನಗುತ್ತ ಕಣ್ಣೊರೆಸಿಕೊಂಡು ಮುಖಕ್ಕೆಲ್ಲ ಹಿಟ್ಟು ಬಳಿದುಕೊಂಡಳು. ಹೊಲದಿಂದ ಬಂದ ಮಾವ ಬಾಗಿಲಲ್ಲೇ ನಿಂತು, ಇವರಿಗೆಲ್ಲ ಏನಾಗಿದೆ ಎಂದು ನೋಡಿದರು. ‘ನಾಳಿ ಗೌಂಡಿಗಿ ಹೇಳು’ ಅಂದರು ಅತ್ತೆ, ‘ಕಿಡಕಿ ನೆಲಾ ಮುಟ್ಟೂವಂಗ ಇಡು ಅಂತ.’ ಮಾವ ತಲೆಯಾಡಿಸಿದರು. ಆಮೇಲೆ ಹೋಳಿಗೆ ತುಪ್ಪ ತಿಂದು, ಮತ್ತೆ ದೇವರಂತೆ ಕೌದಿ ಹೊದ್ದ ಡಬ್ಬಿಯೊಂದಿಗೆ ಕಲಬುರಗಿಗೆ ವಾಪಸಾದೆವು.

ಕಂಪ್ಯೂಟರ್ ಈಗಲೂ ಚೆನ್ನಾಗಿ ಓಡುತ್ತಿದೆ. ಅವ್ವ ಈಗಲೂ ವಿಭೂತಿ ಹಚ್ಚಿ ಗುಂಡಿ ಒತ್ತುತ್ತಾಳೆ, ಆದರೆ ಒತ್ತಿದವಳೇ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ‘ಕಪ್ಪು ಬಂದದ! ಈಗ ಚುಕ್ಕಿ ಬಂದಾವ!’ ಎಂದು ಬಚ್ಚಲಿನವರೆಗೆ ಕೇಳುವಂತೆ ಕೂಗಿ ವರದಿ ಒಪ್ಪಿಸುತ್ತಾಳೆ. ನನ್ನ ನಿದ್ದೆ ಕೆಡುತ್ತದೆ, ಆದರೂ ಖುಷಿಯಾಗುತ್ತದೆ.

ಎಳ್ಳಮಾವಾಸ್ಯೆಗೆ ಅಕ್ಕನ ಮನೆಯವರ ಜೊತೆ ಹೊಲಕ್ಕೆ ಹೋಗಿ ಊಟ ಮಾಡುವುದೆಂದು ಹಿಂದಿನ ದಿನವೇ ಕಮಲಾಪುರಕ್ಕೆ ಹೋದೆ. ಮನೆ ಇನ್ನೂ ದೂರವಿರುವಾಗಲೇ ರೊಟ್ಟಿ ಬಡಿಯುವ ಸಪ್ಪಳ ರಸ್ತೆಗೆ ಕೇಳುತ್ತಿತ್ತು. ಕಿಟಕಿಯ ಹೊರಗೆ ಬುಟ್ಟಿ ಇಳಿಸಿ ಒಬ್ಬ ಹೆಂಗಸು ನಿಂತಿದ್ದಳು. ಒಳಗಿನಿಂದ ಅತ್ತೆ ಅವಳಿಗೆ ನೀರಿನ ತಂಬಿಗೆ ಕೊಡುತ್ತಿದ್ದರು. ಅವರ ಪಕ್ಕದಲ್ಲಿ ಇನ್ನೊಂದು ಮಣೆ ಇತ್ತು. ಅದರ ಮೇಲೆ, ಇಷ್ಟು ವರ್ಷ ನಿಂತೇ ಅಡುಗೆ ಮಾಡಿದ ನನ್ನ ಅಕ್ಕ ಕೂತು ರೊಟ್ಟಿ ತಟ್ಟುತ್ತಿದ್ದಳು, ಮುಖದ ತುಂಬ ಬಿಸಿಲು ಬಿದ್ದಿತ್ತು.

‘ಭಾಳ ಛಲೋ ಕಿಡಕಿ ಇಡಸೀರಿ ಬಿಡ್ರಿ’ ಎಂದಳು ಬುಟ್ಟಿಯವಳು.

‘ನಾ ಅಲ್ಲವ್ವ’ ಅಂದರು ಅತ್ತೆ. ‘ನಾ ಬ್ಯಾಡಾ ಅಂದಾಕಿ. ನನ್ನ ಸೊಸಿ ಕೇಳಿ ಇಡಸ್ಯಾಳ.’

ಒಳಗೆ ರೊಟ್ಟಿಯ ಸಪ್ಪಳ ಒಂದು ಕ್ಷಣ ನಿಂತು, ಮತ್ತೆ ಶುರುವಾಯಿತು.